ಅಕ್ಕನ ಕಿಟಕಿಯ ನಾಲ್ಕನೆಯ ಬದಿ

ಕಿಟಕಿಯ ಚೌಕಟ್ಟನ್ನು ಗೋಡೆಯಲ್ಲಿ ಕೂರಿಸಿದ ಮೇಲೆ ಸುತ್ತಲೂ ಒಂದು ಸಂದು ಉಳಿಯುತ್ತದೆ. ಗೌಂಡಿ ಎಷ್ಟೇ ಹುಷಾರಾಗಿ ಕಟ್ಟಿರಲಿ, ಕೆಲವು ಕಡೆ ಬೆರಳು ಹೋಗುವಷ್ಟು, ಕೆಲವು ಕಡೆ ಉಗುರು ಹೋಗುವಷ್ಟು ಅದು ಇದ್ದೇ ಇರುತ್ತದೆ. ಹೊರಗಿನಿಂದ ಆ ಸಂದಿನ ಮೇಲೆ ಪ್ಲಾಸ್ಟಿಕ್ ಪಟ್ಟಿ ಕೂರಿಸಿ, ಪಟ್ಟಿಯ ಅಂಚಿಗೆ ಟ್ಯೂಬಿನಿಂದ ಸಿಲಿಕಾನ್ ಅಂಟು ಎಳೆದು ಬಂದ್ ಮಾಡುವುದು ನನ್ನ ಕೆಲಸ. ಬಹಳ ವರ್ಷ ಅದನ್ನೇ ಮಾಡಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಊರುಗಳ ಹೊಸ ಓಣಿಗಳಲ್ಲಿ ನಡೆದು ಹೋದರೆ ಯಾವ ಕಿಟಕಿಯ ಪಟ್ಟಿ ನನ್ನ ಕೈಯದು ಎಂದು ಈಗಲೂ ಹೇಳಬಲ್ಲೆ.

ಅವುಗಳಲ್ಲಿ ಒಂದು ನನ್ನ ಅಕ್ಕನ ಮನೆಯದು. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಒಂದು ಬ್ಲೇಡು, ಐದು ನಿಮಿಷ ಇದ್ದರೆ ಸರಿಹೋಗುವ ತಪ್ಪು. ಆದರೆ ಅದನ್ನು ಮುಚ್ಚಿಟ್ಟೆ, ಹಾಗಾಗಿ ಅಕ್ಕ ತನ್ನ ನೆನಪಿನ ಮೇಲಿನ ನಂಬಿಕೆ ಕಳೆದುಕೊಂಡಳು. ಅದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಅಕ್ಷರ ಕಲಿಸಿದವಳೂ ಅಕ್ಕನೇ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಏಳನೆಯ ಇಯತ್ತೆ ಮುಗಿಸಿದ್ದಳು, ನಮ್ಮ ಮನೆಯಲ್ಲಿ ಅದೇ ದೊಡ್ಡ ಓದು. ನಾನು ಸಾಲೆ ಬಿಟ್ಟು ಕುರಿ ಹಿಂದೆ ಹೋಗತೊಡಗಿದಾಗ ಇದ್ದಿಲಿನಿಂದ ಹಿತ್ತಲ ಗೋಡೆಯ ಮೇಲೆ ಬರೆದು ತಿದ್ದಿಸುತ್ತಿದ್ದಳು. ನಾನು ತಪ್ಪು ಮಾಡಿದರೆ ಹೊಡೆಯುತ್ತಿರಲಿಲ್ಲ. “ಅಳಿಸು, ಮತ್ತೊಮ್ಮಿ ಬರಿ” ಎನ್ನುತ್ತಿದ್ದಳು, ಅಷ್ಟೆ. ಆ ಅಷ್ಟಕ್ಕೇ ನನಗೆ ಸಿಟ್ಟು ಬರುತ್ತಿತ್ತು. ಯಾವಾಗಲೂ ಅವಳದೇ ಸರಿ, ನನ್ನದೇ ತಪ್ಪು.

ಒಂದು ಕೆಲಸದಲ್ಲಿ ಮಾತ್ರ ಅಪ್ಪ ನನ್ನನ್ನು ಮುಂದೆ ಮಾಡುತ್ತಿದ್ದ. ಜೋಳ ತುಂಬಿ ನೆಲದೊಳಗೆ ಇಡುವ ಗುಂಡಿಗೆ ನಮ್ಮ ಕಡೆ ಹಗೇವು ಅನ್ನುತ್ತಾರೆ. ಅದರ ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿ ಬಂದ್ ಮಾಡಬೇಕು. ಇರುವೆ ಹೋಗುವಷ್ಟು ಸಂದು ಬಿಟ್ಟರೂ ನೀರು ಇಳಿದು ಜೋಳ ಕೆಡುತ್ತದೆ. ನನ್ನ ಬೆರಳು ಸಣ್ಣವು, ಕಲ್ಲಿನ ಮೂಲೆಗೂ ಹೋಗುತ್ತಿದ್ದವು. ಮೆತ್ತಿ ಮುಗಿದ ಮೇಲೆ ಅಪ್ಪ ಕೂತು ಸುತ್ತಲೂ ಕೈಯಾಡಿಸಿ, “ಈಗ ಗಾಳಿನೂ ಹೋಗಂಗಿಲ್ಲ” ಎನ್ನುತ್ತಿದ್ದ. ಅಪ್ಪ ನನ್ನನ್ನು ಹೊಗಳಿದ್ದು ಅದೊಂದರಲ್ಲೇ. ಮುಚ್ಚುವುದಾದರೆ ಪೂರ್ತಿ ಮುಚ್ಚಬೇಕು ಎನ್ನುವುದು ಆಗಲೇ ನನ್ನ ಕೈಗೆ ಹತ್ತಿತು.

ಅಕ್ಕನನ್ನು ಕೊಲ್ಹಾರದ ಕಡೆ ಕೊಟ್ಟಿದ್ದರು. ಭಾವ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಊರು ಮೇಲಕ್ಕೆ ಸರಿದಾಗ ಅವಳ ಪಾಲಿಗೆ ಬಂದ ಪರಿಹಾರದಲ್ಲಿ ಬಾಗೇವಾಡಿಯಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿಕೊಂಡಳು. ಅದೇ ಊರಿನ ಅಂಗನವಾಡಿಯೊಂದರಲ್ಲಿ ಸಹಾಯಕಿಯಾಗಿದ್ದಳು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಉಪ್ಪಿಟ್ಟು ಮಾಡಿ ಹಾಕುವುದು, ಮೂಗು ಒರೆಸುವುದು. ಓಣಿಯಲ್ಲಿ ಅವಳು ನಡೆದರೆ ಮಕ್ಕಳು “ಆಯಾ, ಆಯಾ” ಎಂದು ಸೆರಗು ಹಿಡಿಯುತ್ತಿದ್ದವು. ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ.

ನಾನು ಆಗ ಸಿಂದಗಿಯಲ್ಲಿದ್ದೆ, ಲಗ್ನವಾಗಿ ಎರಡು ವರ್ಷವಾಗಿತ್ತು. ಮೊದಲು ಬಡಿಗೇರರ ಹತ್ತಿರ ಕಟ್ಟಿಗೆ ಕಿಟಕಿಗಳಿಗೆ ಬಣ್ಣ ಬಳಿಯುತ್ತಿದ್ದವನು, ಅಲ್ಯೂಮಿನಿಯಂ ಕಿಟಕಿಗಳು ಬಂದ ಮೇಲೆ ಇಂಡಿಯಲ್ಲಿ ಅಂಗಡಿ ಹಾಕಿದ್ದ ಸೊಲ್ಲಾಪುರದ ಮೇಸ್ತ್ರಿಯೊಬ್ಬನ ಕೈಕೆಳಗೆ ಸೇರಿದೆ. ಅವನ ಕನ್ನಡದಲ್ಲಿ ಅರ್ಧ ಮರಾಠಿ, ಕಾಲು ಬೈಗುಳ. ಕೆಲಸ ಮಾತ್ರ ಚೊಕ್ಕ. ಗೋಡೆಯ ಧೂಳನ್ನು ಮೊದಲು ಬ್ರಷ್‌ನಿಂದ, ಆಮೇಲೆ ಒದ್ದೆ ಅರಿವೆಯಿಂದ, ಆಮೇಲೆ ಒಣ ಅರಿವೆಯಿಂದ ತೆಗೆಯಬೇಕು. ನಮ್ಮ ಎರೆ ಮಣ್ಣಿನ ಧೂಳು ಹಿಟ್ಟಿನ ಹಾಗೆ, ಅದರ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ. ಪಟ್ಟಿಯನ್ನು ಮೂಲೆಯಲ್ಲಿ ಬಿಗಿಯಾಗಿ ಕೂಡಿಸಬಾರದು, ಉಗುರಿನಷ್ಟು ಜಾಗ ಬಿಡಬೇಕು. ಮುಂಜಾನೆಯ ತಂಪಿನಲ್ಲಿ ಸರಿಯಾಗಿ ಕೂತ ಪಟ್ಟಿ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ಹಾವಿನ ಹಾಗೆ ಏಳುತ್ತದೆ. ಸಿಲಿಕಾನ್ ಎಳೆದ ಮೇಲೆ ಸಾಬೂನಿನ ನೀರಿನಲ್ಲಿ ಬೆರಳು ಅದ್ದಿ ಒಂದೇ ಎಳೆತಕ್ಕೆ ಸವರಬೇಕು, ನಡುವೆ ಉಸಿರು ಸಹ ಬಿಡಬಾರದು.

ಇನ್ನೊಂದು ಮಾತನ್ನು ಅವನು ದಿನವೂ ಹೇಳುತ್ತಿದ್ದ. “ಮ್ಯಾಲ ಹಚ್ಚು, ಎಡಕ್ಕ ಹಚ್ಚು, ಬಲಕ್ಕ ಹಚ್ಚು. ಕೆಳಗ ಹಚ್ಚಬ್ಯಾಡ.”

“ಯಾಕ್ರೀ?” ಎಂದು ಒಮ್ಮೆ ಕೇಳಿದ್ದೆ.

“ನೀ ಏನ್ ಇಂಜಿನಿಯರ್ ಏನ್ಲೇ? ಹೇಳಿದಷ್ಟ ಮಾಡು.”

ಸಿಲಿಕಾನ್ ಉಳಿಸಲು ಹಾಗೆ ಹೇಳುತ್ತಾನೆ ಎಂದುಕೊಂಡೆ. ಟ್ಯೂಬಿನ ಮೇಲೆ, ಪಟ್ಟಿಯ ಡಬ್ಬಿಯ ಮೇಲೆ ಏನೇನೋ ಬರೆದಿರುತ್ತಿತ್ತು. ಎಲ್ಲ ಇಂಗ್ಲಿಷ್, ನನಗೆ ಬರುತ್ತಿರಲಿಲ್ಲ. ಕೇಳಿದರೆ ಓದಿ ಹೇಳುವವರು ಇದ್ದರು. ಕೇಳಲಿಲ್ಲ.

ಈ ಕೆಲಸ ಹೊರಗೆ ನಿಂತು ಮಾಡುವಂಥದು. ಏಣಿಯ ಮೇಲೆ ನಿಂತರೆ ಗಾಜಿನ ಆಚೆ ಮನೆಯವರು ಉಣ್ಣುವುದು, ಕೂಸಿಗೆ ಎಣ್ಣೆ ಹಚ್ಚುವುದು, ಜಗಳಾಡುವುದು ಎಲ್ಲ ಕಾಣುತ್ತದೆ, ಮಾತು ಕೇಳುವುದಿಲ್ಲ. ನಾನು ನೋಡುತ್ತಿದ್ದೇನೆ ಅಂತ ಅವರಿಗೆ ಗೊತ್ತಾದಾಗ ಪರದೆ ಎಳೆಯುತ್ತಾರೆ. ನಾಲತವಾಡದಲ್ಲಿ ಒಂದು ಮನೆಗೆ ಒಂಬತ್ತು ದಿನ ಕೆಲಸ ಮಾಡಿದೆ, ಒಳಗಿನ ಅಜ್ಜಿ ಯಾವ ಕಾಲು ಎಳೆಯುತ್ತಾಳೆ ಎನ್ನುವುದೂ ಗೊತ್ತಾಗಿತ್ತು. ಹತ್ತನೆಯ ದಿನ ಅದೇ ಅಜ್ಜಿ ಬಾಗಿಲಲ್ಲಿ ನಿಂತು, “ಯಾರಪಾ ನೀ?” ಎಂದಳು. ಝಳಕಿಯ ಹೆದ್ದಾರಿ ಬದಿಯ ಖಾನಾವಳಿಯಲ್ಲಿ, ಅರ್ಧ ಕಟ್ಟಿದ ಮನೆಗಳ ಸಿಮೆಂಟು ಚೀಲಗಳ ಮೇಲೆ, ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿ ಒಬ್ಬನೇ ಉಣ್ಣುತ್ತಿದ್ದೆ. ಹಾಗೆ ಇರುವವನಿಗೆ, ನನ್ನ ಕೆಲಸವನ್ನು ಬೇಕೆಂದು ಕೇಳಿ, ಒಳಗೆ ಕರೆದು ಚಹಾ ಕೊಡುವ ಮನೆಯೊಂದು ಸಿಕ್ಕರೆ ಹೇಗಾಗಬೇಡ? ಅಕ್ಕ ತನ್ನ ಕಿಟಕಿಗೆ ನನ್ನನ್ನೇ ಕರೆದಳು.

ಆ ಮನೆಗೆ ಒಂದೇ ದೊಡ್ಡ ಕಿಟಕಿ, ಪೂರ್ವಕ್ಕೆ. ಸರಿಸಿ ತೆಗೆಯುವ ಎರಡು ಗಾಜಿನ ಬಾಗಿಲು. ಮೇಲೆ ಮಳೆ ತಡೆಯುವ ಛಜ್ಜಾ ಹಾಕಿಸಿರಲಿಲ್ಲ. ಕಿಟಕಿಯ ಕೆಳಗೇ ಅವಳ ಮಂಚ.

“ಧೂಳ ಬಾಳ ಬರತೈತಿ ತಮ್ಮಾ. ಗಾಳಿ ಬಿಟ್ರ ಹಾಸಗಿ ಮ್ಯಾಲ ಬಿತ್ತಬೇಕು, ಅಷ್ಟ ಮಣ್ಣ ಕೂಡ್ತೈತಿ,” ಎಂದಳು.

“ಇರುವಿ ಹೋಗದಂಗ ಮಾಡ್ತೇನಿ, ನೋಡು.”

ಇಡೀ ಭಾನುವಾರ ಕೆಲಸ ಮಾಡಿದೆ. ಅವಳು ಪಕ್ಕದಲ್ಲೇ ನಿಂತು ಅರಿವೆ ಕೊಡುವುದು, ಏಣಿ ಹಿಡಿಯುವುದು ಮಾಡಿದಳು. ಮೂರು ಬದಿ ಮುಗಿಸಿದಾಗ ಅವಳು ಬಗ್ಗಿ ನೋಡಿ, “ಕೆಳಗ ಉಳೀತಲ್ಲೋ?” ಎಂದಳು. ಮೇಸ್ತ್ರಿಯ ಮಾತು ನೆನಪಿಗೆ ಬಂತು. ಬೇರೆಯವರ ಮನೆಯಾಗಿದ್ದರೆ ಹಾಗೇ ಬಿಡುತ್ತಿದ್ದೆ. ಇದು ಅಕ್ಕನ ಮನೆ, ಇಲ್ಲಿ ಯಾಕೆ ಕಂಜೂಸಿ ಮಾಡಲಿ ಎಂದು ನಾಲ್ಕನೆಯ ಬದಿಗೂ ಸಿಲಿಕಾನ್ ಎಳೆದೆ. ನನ್ನ ಜೀವಮಾನದಲ್ಲಿ ಅಷ್ಟು ನುಣುಪಾಗಿ ಯಾವ ಸಾಲನ್ನೂ ಎಳೆದಿಲ್ಲ. ಅಕ್ಕ ಅದರ ಹತ್ತಿರ ಮುಖ ಒಯ್ದು ನೋಡಿದಳು. “ನೀ ಕಲ್ತಿ ನೋಡಪಾ,” ಎಂದಳು. ನಾನು ಮಾಡಿದ್ದನ್ನು ಅಳಿಸು ಎನ್ನದೆ ಇದ್ದದ್ದು ಅದೇ ಮೊದಲು.

ಆ ವರ್ಷ ಹಿಂಗಾರಿಯಲ್ಲಿ, ಹಸ್ತಿ ಮಳೆ ಬಂದ ಮರುದಿನ, ನಮ್ಮ ಓಣಿಯ ಕಿರಾಣಿ ಅಂಗಡಿಯ ಫೋನಿಗೆ ಅವಳ ಕರೆ ಬಂತು. ಹಾಸಿಗೆ ತೊಯ್ದಿದೆ, ಕಿಟಕಿ ಸೋರುತ್ತಿರಬಹುದು, ಬಂದು ನೋಡು ಎಂದಳು. ಹೋದೆ. ಬಿಸಿಲು ಬಿದ್ದಿತ್ತು. ಹೊರಗೆ ನಿಂತು ಪಟ್ಟಿಯ ಮೇಲೆ ನಾಲ್ಕು ತಂಬಿಗೆ ನೀರು ಸುರಿದೆ. ಒಳಗೆ ಒಂದು ಹನಿ ಇಲ್ಲ.

“ನೀ ತೆಗದಿಟ್ಟು ಹೋಗಿರಬೇಕು,” ಎಂದೆ.

“ಇಲ್ಲೋ. ಚಿಲಕ ಹಾಕಿದ್ದೆ.”

“ಮನಿಗೆ ಬಂದಾಗ ಹಾಕಿತ್ತೇನು?”

ಅವಳು ಯೋಚಿಸಿದಳು. ಇಡೀ ದಿನ ಮುಚ್ಚಿದ ಮನೆ ಕಾದ ಹಂಚಿನ ಹಾಗಿರುತ್ತಿತ್ತು. ಬಾಗಿಲು ತೆಗೆದ ಕೂಡಲೇ ಕೈ ತಾನಾಗಿ ಕಿಟಕಿ ಸರಿಸುವುದು ಅವಳ ರೂಢಿ. ಹಾಸಿಗೆ ತೊಯ್ದದ್ದನ್ನು ನೋಡುವ ಹೊತ್ತಿಗೆ ಕಿಟಕಿ ತೆರೆದೇ ಇತ್ತು. ತಾನು ಈಗ ತೆಗೆದೆನೋ, ಮುಂಜಾನೆಯಿಂದ ತೆರೆದಿತ್ತೋ, ಎದೆ ಮುಟ್ಟಿ ಹೇಳಲು ಅವಳಿಗೆ ಆಗಲಿಲ್ಲ.

“ಮತ್ತ? ಗಾಜಿನೊಳಗಿಂದ ಬಂತೇನು ಮಳಿ?” ಎಂದೆ. ಅವಳು ಸುಮ್ಮನಾದಳು. ಅವಳನ್ನು ನಾನು ಸುಮ್ಮನಾಗಿಸಿದ್ದು ಅದೇ ಮೊದಲಿರಬೇಕು. ಹಿತವಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಮಳೆಯೇ ಕಡಿಮೆ. ಪೂರ್ವದಿಂದ ಓರೆಯಾಗಿ ಬಡಿಯುವ ಮಳೆ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು. ಅವು ಬಂದದ್ದೂ ಮಧ್ಯಾಹ್ನ, ಅಕ್ಕ ಅಂಗನವಾಡಿಯಲ್ಲಿದ್ದಾಗ. ಮುಂದಿನ ವರ್ಷ ಮತ್ತೆ ಎರಡು ಸಲ ಹಾಸಿಗೆ ತೊಯ್ದಿತು. ಎರಡೂ ಸಲ ಅವಳು ಕಿಟಕಿ ತೆರೆದ ಮೇಲೇ ನೋಡಿದಳು. ಆಮೇಲೆ ಕಿಟಕಿ ಸೋರುತ್ತದೆ ಎನ್ನುವುದನ್ನು ಬಿಟ್ಟಳು. “ನನಗ ಯಾಕೋ ಮರವು ಬಂದೈತಿ,” ಎನ್ನತೊಡಗಿದಳು.

ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಸಿಂದಗಿಗೆ ಬಂದಳು. ಬೀಗರೆಲ್ಲ ಕೂತಿದ್ದರು. ನನ್ನ ಹೆಂಡತಿ ಒಳಗಿನಿಂದ, “ಅಕ್ಕಾರ, ಸಾರಿಗೆ ಉಪ್ಪ ಹಾಕೀರೇನ್ರೀ?” ಎಂದು ಕೇಳಿದಳು. ಅಕ್ಕ ಉತ್ತರ ಕೊಡುವ ಮೊದಲೇ ನಾನು ಬಾಯಿ ಹಾಕಿದೆ. “ಆಕಿನ್ನ ಯಾಕ ಕೇಳ್ತಿ? ಮಳ್ಯಾಗ ಕಿಡಕಿ ತೆಗದಿಟ್ಟು ಹಾಸಗಿಗೆ ನೀರ ಹಾಯಸೋ ಹೆಣ್ಮಗಳು. ಉಪ್ಪ ಎರಡ ಸಲ ಹಾಕಿರತಾಳ, ಇಲ್ಲಂದ್ರ ಹಾಕೇ ಇರಂಗಿಲ್ಲ.” ಎಲ್ಲರೂ ನಕ್ಕರು. ಬೀಗರೊಬ್ಬರು, “ಹಾಸಗ್ಯಾಗ ಭತ್ತ ಹಚ್ಚಿದ್ರ ಬರತಿತ್ತು,” ಎಂದರು. ಮತ್ತೆ ನಗು. ಅಕ್ಕನೂ ನಕ್ಕಳು. ನಕ್ಕು, ಒಳಗೆ ಹೋಗಿ ಸಾರಿನ ರುಚಿ ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ನೋಡಿದಳು.

ಅದಾಗಿ ಒಂದು ತಿಂಗಳಿಗೆ ಮುದ್ದೇಬಿಹಾಳದಿಂದ ಮೇಸ್ತ್ರಿಗೆ ತಕರಾರು ಬಂತು. ನಾವಿಬ್ಬರೂ ಹೋದೆವು. ಅದು ಬೇರೆ ಕೆಲಸಗಾರನೊಬ್ಬ ಮಾಡಿದ ಮನೆ. ಹಿಂದಿನ ದಿನ ಅಲ್ಲಿ ಮಳೆ ಬಿದ್ದಿತ್ತು. ಮನೆಯಾಕೆ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ನಿಂತಿದ್ದಳು.

“ಬರ್ರಿ, ಬರ್ರಿ. ನಿಮ್ಮ ಕಿಡಕಿ ಹಾಕ್ಸಿದ ಮ್ಯಾಲ ನಮ್ಮ ಹುಡ್ರು ಮನ್ಯಾಗ ಈಜ ಕಲ್ತಾವ. ಚಿಲಕ ಹಾಕಿದ್ರೂ ನೀರ, ತೆಗದ್ರೂ ನೀರ.”

ಚಿಲಕ ಹಾಕಿದರೂ ನೀರು ಎಂದದ್ದು ಕೇಳಿ ನನ್ನ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ. ಮೇಸ್ತ್ರಿ ಹೊರಗೆ ಹೋಗಿ ಕಿಟಕಿಯ ಕೆಳಗಿನ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದ. “ಯಾಂವ ಹಚ್ಚ್ಯಾನ ಇಲ್ಲಿ ಸಿಲಿಕಾನ್?” ಎಂದು ಜೇಬಿನಿಂದ ಬ್ಲೇಡು ತೆಗೆದು ಉದ್ದಕ್ಕೆ ಸೀಳಿದ. ಪಟ್ಟಿಯ ಹಿಂದಿನಿಂದ ಕೆಂಚು ನೀರು ಗೋಡೆಯ ಮೇಲೆ ಇಳಿಯಿತು. ಒಂದು ತಂಬಿಗೆಯಷ್ಟಾದರೂ ಇತ್ತು.

ಗಾಜು ಸರಿಯುವ ಹಳಿಯಲ್ಲಿ, ಹೊರಮುಖಕ್ಕೆ, ಸಣ್ಣ ತೂತುಗಳಿರುತ್ತವೆ. ಗಾಜಿಗೆ ಬಡಿದ ಮಳೆ ಇಳಿದು ಹಳಿಯಲ್ಲಿ ನಿಲ್ಲುತ್ತದೆ, ಆ ತೂತಿನಿಂದ ಪಟ್ಟಿಯ ಹಿಂದೆ ಹಾದು ಕೆಳಗೆ ಹೊರಗೆ ಹೋಗುತ್ತದೆ. ಕೆಳಗೆ ಬಂದ್ ಮಾಡಿದರೆ ಹಳಿ ತುಂಬಿ ನೀರು ಒಳಗೆ ಚೆಲ್ಲುತ್ತದೆ. ತೂತುಗಳನ್ನು ನಾನು ನೂರು ಸಲ ನೋಡಿದ್ದೆ. ಮೊಳೆ ಹೊಡೆಯಲು ಮಾಡಿದವು ಎಂದುಕೊಂಡಿದ್ದೆ. ಅಕ್ಕನ ಮನೆಯಲ್ಲಿ ನಾನು ನೀರು ಸುರಿದು ನೋಡಿದ್ದೂ ಪಟ್ಟಿಯ ಮೇಲೆ, ಗಾಜಿನ ಮೇಲಲ್ಲ.

ಮೇಸ್ತ್ರಿ ಬ್ಲೇಡು ಒರೆಸಿಕೊಳ್ಳುತ್ತ ಹೇಳಿದ. “ಕಿಡಕಿಗೂ ಉಚ್ಚಿ ಹೊಯ್ಯಾಕ ಜಾಗಾ ಬೇಕಲೇ. ಅದನ್ನ ಬಂದ್ ಮಾಡಿದ್ರ ಮನಿಯೊಳಗ ಹೊಯ್ತೈತಿ.” ಮನೆಯಾಕೆಯೂ ನಕ್ಕಳು. ನಾನೂ ಹಲ್ಲು ಬಿಟ್ಟೆ.

ಮರುದಿನ ಕೆಲಸಕ್ಕೆ ಹೋಗದೆ ಬಾಗೇವಾಡಿಯ ಬಸ್ಸು ಹತ್ತಿದೆ. ಹೇಳಬೇಕು ಎಂದೇ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಅಕ್ಕ, ತಪ್ಪು ನಂದು, ನಿನ್ನ ನೆನಪು ಸರಿ ಐತಿ. ಇಷ್ಟೇ. ಹನ್ನೊಂದು ಗಂಟೆಗೆ ಮುಟ್ಟಿದಾಗ ಅವಳು ಅಂಗನವಾಡಿಗೆ ಹೋಗಿದ್ದಳು. ಕೆಲಸ ಹೊರಗಿನದು, ಕೀಲಿ ಬೇಕಾಗಲಿಲ್ಲ. ಬ್ಲೇಡಿನಿಂದ ಆ ನುಣುಪಾದ ಸಾಲನ್ನು ಈ ತುದಿಯಿಂದ ಆ ತುದಿಗೆ ಸೀಳಿ ಎಳೆದೆ. ಒಂದೇ ದಾರದ ಹಾಗೆ ಬಂತು. ಹಿಂದೆ ನಿಂತಿದ್ದ ಹಳೆಯ ನೀರು ನಾತ ಬಿಡುತ್ತ ಇಳಿಯಿತು. ಪಕ್ಕದ ಮನೆಯಾಕೆ, “ಏನ ಮಾಡಾಕತ್ತೀರಿ?” ಎಂದು ಕೇಳಿದಳು.

“ಧೂಳ ಕೂತಿತ್ರೀ, ಒರಸಾಕತ್ತೇನಿ,” ಎಂದೆ.

ಆ ಸುಳ್ಳು ಬಾಯಿಂದ ಬಂದ ಮೇಲೆ ಉಳಿದದ್ದು ಸುಲಭವಾಯಿತು. ಕಟ್ಟೆಯ ಮೇಲೆ ಕೂತೆ. ಅವಳು ಬರುವುದು ನಾಲ್ಕಕ್ಕೆ. ಕೂತಲ್ಲಿ ತೊಟ್ಟಿಲ ಕಾರ್ಯದ ನಗು ನೆನಪಿಗೆ ಬಂತು. ಹೇಳಿದರೆ ಆ ನಗುವೆಲ್ಲ ನನ್ನ ಕಡೆ ತಿರುಗುತ್ತದೆ. ಅವಳು ಏನೂ ಬೈಯುವುದಿಲ್ಲ, ಹಳೆಯ ಹಾಗೆ ಸಮಾಧಾನದಿಂದ ನೋಡುತ್ತಾಳೆ, ಅದೇ ಬೇಡವಾಗಿತ್ತು. ಕಿಟಕಿ ಸರಿಯಾಯಿತಲ್ಲ, ಇನ್ನು ಸೋರುವುದಿಲ್ಲ, ಹೇಳಿ ಏನಾಗಬೇಕು ಎಂದುಕೊಂಡೆ. ಎರಡು ಗಂಟೆಯ ಬಸ್ಸು ಹಿಡಿದು ವಾಪಸ್ಸು ಬಂದುಬಿಟ್ಟೆ. ಸೀಳಿದ ಸಿಲಿಕಾನನ್ನು ದಾರಿಯಲ್ಲಿ ಎಸೆದೆ.

ಕಿಟಕಿ ಸರಿಮಾಡಿ ಸುಮ್ಮನಿದ್ದದ್ದು ಕೆಡಿಸಿದ್ದಕ್ಕಿಂತ ಕೆಟ್ಟದ್ದಾಯಿತು. ಆ ಹಿಂಗಾರಿಯಲ್ಲಿ ಅವಳ ಫೋನು ಬಂತು. ಧ್ವನಿಯಲ್ಲಿ ಖುಷಿಯಿತ್ತು.

“ಎರಡ ದೊಡ್ಡ ಮಳಿ ಆದವು ತಮ್ಮಾ, ಹಾಸಗಿ ತೊಯ್ದಿಲ್ಲ. ಈಗ ಚಿಲಕ ಹಾಕಿ ಮೂರ ಸಲ ಜಗ್ಗಿ ನೋಡ್ತೇನಿ. ಬಾಗಲ ಹಾಕಿದ ಮ್ಯಾಲ ಮತ್ತ ಒಳಗ ಬಂದ ಒಮ್ಮಿ ನೋಡ್ತೇನಿ. ನೀ ಹೇಳಿದ್ದ ಖರೇ ಇತ್ತು, ನಾನ ಮರೀತಿದ್ದೆ.”

“ಹೂಂ,” ಎಂದೆ.

ಮೂರು ಸಲ ಜಗ್ಗುವುದು ಕಿಟಕಿಗೆ ನಿಲ್ಲಲಿಲ್ಲ. ಬಾಗಿಲ ಕೀಲಿಗೆ ಹೋಯಿತು, ಅಂಗನವಾಡಿಯ ಸ್ಟವ್‌ಗೆ ಹೋಯಿತು, ಮಕ್ಕಳ ಎಣಿಕೆಗೆ ಹೋಯಿತು. ಮನೆಗೆ ಬಿಟ್ಟು ಬಂದ ಮಗುವನ್ನು ಬಿಟ್ಟೆನೋ ಇಲ್ಲವೋ ಎಂದು ಮತ್ತೆ ಅವರ ಬಾಗಿಲು ತಟ್ಟಿ ಕೇಳತೊಡಗಿದಳು. ಬೇಸಗೆಯ ರಜೆಯಲ್ಲಿ ಸಿಂದಗಿಗೆ ಬಂದಾಗ ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ರಾಜೀನಾಮೆ ಪತ್ರ. ದುಂಡನೆಯ ಅಕ್ಷರ, ಒಂದೂ ತಪ್ಪಿಲ್ಲ.

“ಇಪ್ಪತ್ತು ಹುಡ್ರು ಸ್ಟವ್ ಸುತ್ತ ಓಡ್ಯಾಡ್ತಾವ,” ಎಂದಳು. “ನಾ ಆರಿಸೇನೋ ಇಲ್ಲೋ ನನಗ ಗೊತ್ತಾಗಂಗಿಲ್ಲ. ಏನರ ಆತಂದ್ರ? ಟೀಚರ್ ಬ್ಯಾಡ ಅನ್ನಾಕತ್ತಾರ. ನಿನ್ನ ಮಾತೇನು? ನೀ ಹೇಳಿದಂಗ ಮಾಡ್ತೇನಿ.”

ಆಗ ಹೇಳಬಹುದಿತ್ತು. ಕಾಗದ ಇನ್ನೂ ನನ್ನ ಮುಂದೆಯೇ ಇತ್ತು, ಕೆಳಗೆ ಸಹಿ ಕೂಡ ಮಾಡಿರಲಿಲ್ಲ. ನಾನು ಕಾಗದವನ್ನು ಓದುವವನ ಹಾಗೆ ಬಹಳ ಹೊತ್ತು ನೋಡಿದೆ. “ಸಾಕು ಬಿಡು, ಎಷ್ಟ ದುಡೀತಿ. ಇಲ್ಲೇ ಬಂದಿರು,” ಎಂದೆ. ಅವಳು ತಲೆಯಾಡಿಸಿ, ನನ್ನದೇ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಮನೆಯನ್ನು ಬಾಡಿಗೆಗೆ ಕೊಟ್ಟು ನಮ್ಮಲ್ಲಿಗೆ ಬಂದಳು. ಮೂರು ವರ್ಷ ಇದ್ದಳು. ಬಂದ ಹೊಸದರಲ್ಲಿ ನನ್ನ ಮಗಳಿಗೆ ಹಾಡು ಹೇಳುತ್ತಿದ್ದಳು, ಬರಬರುತ್ತ ಅದೂ ಕಡಿಮೆಯಾಯಿತು. ಮಗು ಏನಾದರೂ ಕೇಳಿದರೆ, “ನಿಮ್ಮ ಅವ್ವನ್ನ ಕೇಳು, ನನಗ ನೆನಪಿರಂಗಿಲ್ಲ” ಎನ್ನುವಳು. ಒಲೆಯ ಹತ್ತಿರ ಹೋಗಿ ಗ್ಯಾಸಿನ ಗುಂಡಿಯ ಮೇಲೆ ಕೈಯಿಟ್ಟು ನಿಲ್ಲುವಳು. ತಿರುಗಿ ಬರುವಳು, ಮತ್ತೆ ಹೋಗುವಳು. ನನ್ನ ಹೆಂಡತಿ ಮೊದಲು ಮರುಗಿದಳು, ಆಮೇಲೆ ಬೇಸತ್ತಳು. ನನಗೆ ಮನೆಯಲ್ಲಿರುವುದೇ ಕಷ್ಟವಾಯಿತು. ಇಂಡಿಯ ಕೆಲಸ, ಮುದ್ದೇಬಿಹಾಳದ ಕೆಲಸ ಎಂದು ವಾರಗಟ್ಟಲೆ ಹೊರಗೇ ಉಳಿಯುತ್ತಿದ್ದೆ. ಅಲ್ಲಿಯೂ ಪ್ರತಿ ಕಿಟಕಿಗೂ ಕೆಳಗಿನ ಬದಿ ಬಿಡಬೇಕಲ್ಲ. ಅಲ್ಲಿಗೆ ಬಂದಾಗ ಕೈ ನಿಲ್ಲುತ್ತಿತ್ತು. ಜೊತೆಯ ಕೆಲಸಗಾರರಿಗೆ ಹೇಳುವ ಮಾತಲ್ಲ, ಹೆಂಡತಿಗೂ ಹೇಳಲಿಲ್ಲ. ಬರಬರುತ್ತ ಯಾರ ಜೊತೆಗೂ ಹೆಚ್ಚು ಮಾತಿಲ್ಲದಂತಾದೆ.

ಕೊನೆಗೆ ಹೇಳಿದ್ದು ಒಂದು ಭಾನುವಾರದ ಮುಂಜಾನೆ, ಅವಳು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಾಗ. ಧೈರ್ಯ ಬಂದು ಹೇಳಿದ್ದಲ್ಲ. ಆರಿಸಿದ ಬೇಳೆಯನ್ನೇ ಅವಳು ಮೂರನೆಯ ಸಲ ಆರಿಸುತ್ತಿದ್ದಳು, ನೋಡಲಾಗಲಿಲ್ಲ. ಸಿಲಿಕಾನ್, ತೂತು, ಬ್ಲೇಡು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿ, ಕೈ ನಿಲ್ಲಿಸದೆ, “ನನಗ ಛಲೋ ಅನ್ನಸ್ಲಿ ಅಂತ ಹೇಳಾಕತ್ತಿ. ಇರಲಿ ಬಿಡು ತಮ್ಮಾ,” ಎಂದಳು.

ಎಷ್ಟು ಹೇಳಿದರೂ ನಂಬಲಿಲ್ಲ. ತನ್ನನ್ನು ನಂಬದಿರುವುದನ್ನು ಅವಳಿಗೆ ನಾನೇ ಕಲಿಸಿದ್ದೆ, ಅದನ್ನು ಪೂರ್ತಿ ಕಲಿತಿದ್ದಳು. ಆ ವಾರ ಅವಳನ್ನು ಬಾಗೇವಾಡಿಗೆ ಕರೆದುಕೊಂಡು ಹೋದೆ. ಬಾಡಿಗೆಯಲ್ಲಿದ್ದ ಹೆಣ್ಣುಮಗಳು ಏನೂ ತಿಳಿಯದೆ ಮಂಚವನ್ನು ಈಚೆಗೆ ಎಳೆದುಕೊಟ್ಟಳು. ಹೊರಗೆ ಕೆಳಗಿನ ಪಟ್ಟಿಗೆ ಎರೆ ಮಣ್ಣು ಕಲಸಿ ಮೆತ್ತಿದೆ. ಅಕ್ಕ ಒಳಗೆ ನಿಂತಳು. ಅವಳೇ ತನ್ನ ಕೈಯಿಂದ ಚಿಲಕ ಹಾಕಿ, ಮೂರು ಸಲ ಜಗ್ಗಿ, ಅದರ ಮೇಲೆ ಕೈ ಇಟ್ಟುಕೊಂಡಿದ್ದಳು. ನಾನು ಹೊರಗಿನಿಂದ ಗಾಜಿಗೆ ಕೊಡದಿಂದ ನೀರು ಎರಚಿದೆ. ಒಂದು ಕೊಡ, ಎರಡು ಕೊಡ. ಮೂರನೆಯದಕ್ಕೆ ಗಾಜಿನಾಚೆ ಅವಳು ತಲೆ ಬಗ್ಗಿಸಿ ಕೆಳಗೆ ನೋಡಿದಳು. ಅವಳ ಕೈ ಇನ್ನೂ ಚಿಲಕದ ಮೇಲೇ ಇತ್ತು. ನೀರು ಇಳಿಯುತ್ತಿದ್ದ ಗಾಜಿನಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. “ಸಾಕು” ಎಂದದ್ದು ಬಾಯಿಯ ಆಕಾರದಿಂದ ತಿಳಿಯಿತು.

ಮೆತ್ತಿದ ಮಣ್ಣನ್ನು ಕಿತ್ತು ಹಾಕಿ ಒಳಗೆ ಹೋದೆ. ನೆಲದ ಮೇಲೆ ನೀರು ಹರಿದಿತ್ತು.

“ನಿನಗ ಯಾವಾಗ ಗೊತ್ತಾತು?” ಎಂದಳು.

“ತೊಟ್ಟಿಲ ಕಾರ್ಯ ಆದ ಮ್ಯಾಲ.”

“ನಾ ಸಹಿ ಮಾಡೋಕಿಂತ ಮೊದ್ಲೋ, ಆಮ್ಯಾಲೋ?”

“ಮೊದ್ಲು.”

ಅವಳು ಮೂಲೆಯಲ್ಲಿದ್ದ ಅರಿವೆ ತೆಗೆದುಕೊಂಡು ಕೂತು ನೆಲ ಒರೆಸತೊಡಗಿದಳು. ನಾನು ಅರಿವೆಗೆ ಕೈಚಾಚಿದೆ, ಕೊಡಲಿಲ್ಲ. ಪೂರ್ತಿ ಒರೆಸಿ, ಹೊರಗೆ ಹಿಂಡಿ ಬಂದು, “ಟೀಚರಿಗೆ ಹೇಳಿ ಬಾ. ನಾ ಇಲ್ಲೇ ಇರ್ತೇನಿ,” ಎಂದಳು.

ಅಂಗನವಾಡಿ ಎರಡು ಓಣಿ ದಾಟಿ. ಹೊಸ ಸಹಾಯಕಿ ಮಕ್ಕಳ ತಟ್ಟೆ ತೊಳೆಯುತ್ತಿದ್ದಳು. ಟೀಚರ್ ವಯಸ್ಸಾದವರು, ಅಕ್ಕನ ಜೊತೆ ಬಹಳ ವರ್ಷ ಕೆಲಸ ಮಾಡಿದವರು. ಬಾಗಿಲಲ್ಲಿ ನಿಂತು ಹೇಳಿದೆ. ಅವರು ಪುಸ್ತಕ ಮುಚ್ಚಿಟ್ಟು ಕೇಳಿದರು.

“ನನಗ ಆಗ್ಲೇ ಅನ್ನಿಸಿತ್ರೀ,” ಎಂದರು. “ಇಷ್ಟ ವರ್ಷದಾಗ ಆಕಿ ಒಂದ ದಿನ ಸ್ಟವ್ ಮರ್ತಿಲ್ಲ, ಒಂದ ಕೂಸ ಬಿಟ್ಟ ಬಂದಿಲ್ಲ. ನಿನಗ ಮರವಿಲ್ಲವ್ವಾ, ಕಿಡಕಿನ ಸರಿ ಇರಲಿಕ್ಕಿಲ್ಲ ಅಂತ ಎಷ್ಟ ಸಲ ಹೇಳಿದ್ನಿ. ಕೇಳಲಿಲ್ಲ. ನಮ್ಮ ತಮ್ಮ ಅದರಾಗ ಪಳಗಿದಾಂವ, ಅಂವ 'ಸರಿ ಐತಿ' ಅಂದ್ರ ಮುಗೀತು, ನನಗ ಸುಳ್ಳ ಹೇಳಂಗಿಲ್ಲ ಅಂದ್ಲು.”

ಅವರು ಮತ್ತೆ ಪುಸ್ತಕ ತೆರೆದರು. ಮಕ್ಕಳು ನನ್ನನ್ನೇ ನೋಡುತ್ತಿದ್ದವು. ಹೊರಟು ಬಂದೆ.

“ಏನಂದ್ರು?” ಎಂದು ಅಕ್ಕ ಕೇಳಿದಳು. ಈ ಸಲ ಏನನ್ನೂ ಬಿಡದೆ ಹೇಳಿದೆ.

“ಹೌದು, ಹಂಗ ಅಂದಿದ್ನಿ,” ಎಂದಳು. “ರವಾ ಹುರೀತಿದ್ನಿ. ಅವ್ರು ಬಾಗಲದಾಗ ನಿಂತಿದ್ರು, ಕೈಯಾಗ ಸುಣ್ಣದ ಡಬ್ಬಿ ಇತ್ತು.” “ಎಲ್ಲಾ ನೆನಪೈತಿ ನನಗ,” ಎಂದಳು. ನನಗೆ ಹೇಳಿದ ಹಾಗಿರಲಿಲ್ಲ.

ಬಾಡಿಗೆಯವರು ಬಿಟ್ಟ ಮೇಲೆ ಅವಳು ತನ್ನ ಮನೆಗೆ ಹೋದಳು. ಅಂಗನವಾಡಿಯ ಕೆಲಸ ತಿರುಗಿ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಓಣಿಯ ನಾಲ್ಕಾರು ಮಕ್ಕಳಿಗೆ ಸಂಜೆ ಅಕ್ಷರ ತಿದ್ದಿಸುತ್ತಾಳೆ. ಚಿಲಕವನ್ನು ಈಗಲೂ ಜಗ್ಗುತ್ತಾಳೆ, ಒಮ್ಮೊಮ್ಮೆ ಎರಡು ಸಲ.

ಆ ಕಡೆ ಕೆಲಸವಿದ್ದಾಗ ಹೋಗುತ್ತೇನೆ. ಚಹಾ ಮಾಡಿಕೊಡುತ್ತಾಳೆ, ನನ್ನ ಮಗಳ ಸಾಲೆ ಹೇಗಿದೆ ಎಂದು ಕೇಳುತ್ತಾಳೆ. ಕಳೆದ ಸಲ ಹೋದಾಗ ಒಳಗಿನ ಖೋಲಿಯ ಗೋಡೆ ಹಸಿ ಹಿಡಿದಿತ್ತು. ಯಾವನೋ ಗೌಂಡಿಯನ್ನು ಕರೆಸಿದ್ದಳು. ನಾನು ಲೋಟ ಹಿಡಿದು ಕೂತಿದ್ದೆ, ಅವನು ಗೋಡೆ ತಟ್ಟಿ ನೋಡುತ್ತಿದ್ದ.

“ನೀರ ಎಲ್ಲಿಂದ ಬರಾಕತ್ತೈತಿ ಅಂತೀರಿ?” ಎಂದು ಅವಳು ಅವನನ್ನು ಕೇಳಿದಳು.

ನನಗೆ ಗೊತ್ತಿತ್ತು. ಮಾಳಿಗೆಯ ಮೂಲೆಯಿಂದ ಬರುತ್ತಿತ್ತು. ಅವನೂ ಅದನ್ನೇ ಹೇಳಿದ. ಅವಳು ತಾನೇ ಮಾಳಿಗೆ ಹತ್ತಿ, ಮೂಲೆ ನೋಡಿ ಇಳಿದು ಬಂದು, “ಹೌದು, ಅಲ್ಲೇ ಐತಿ,” ಎಂದಳು. ಆಮೇಲೆ ನನ್ನ ಖಾಲಿ ಲೋಟ ಒಯ್ದು ತೊಳೆದಿಟ್ಟಳು.